‘ಪೂರಾ ಮ್ಯಾಚ್ ಯಾವಾಗ ಆಡಸ್ತೀರಿ ಸರ್?’

ಗೋವಾದ ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಎಂಟರಿಂದ ಹನ್ನೊಂದು ವರ್ಷದವರು. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆ ನಿಂತವರ ಮಕ್ಕಳೇ ಹೆಚ್ಚು. ಬಿಡಲು ಬರುವ ಅಪ್ಪ ಅಮ್ಮಂದಿರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: “ಸರ್, ಬರೇ ಮೂರು ಮೂರು ಮಂದೀನ ಸಣ್ಣ ಜಾಗಾದಾಗ ಆಡಸ್ತೀರಿ. ಪೂರಾ ಮ್ಯಾಚ್ ಯಾವಾಗ ಆಡಸ್ತೀರಿ?”

ಕೇಳುವುದು ಸಹಜ. ಫುಟ್‌ಬಾಲ್ ಗೋವಾದ ರಾಜ್ಯ ಕ್ರೀಡೆ. ಸುಗ್ಗಿ ಮುಗಿದ ಗದ್ದೆಯಲ್ಲೂ ಇಲ್ಲಿ ಗೋಲುಗಂಬ ಏಳುತ್ತದೆ. ವಾಸ್ಕೋದ ಫುಟ್‌ಬಾಲ್ ಕ್ರೀಡಾಂಗಣ ತಿಲಕ್ ಮೈದಾನದ ಮುಂದೆ ದಿನಾ ಓಡಾಡುವ ತಂದೆಗೆ ತನ್ನ ಮಗನನ್ನೂ ಹನ್ನೊಂದು ಜನರ ತಂಡದಲ್ಲಿ ನೋಡುವ ಆಸೆ ಇರುತ್ತದೆ.

ಮೊದಲ ವರ್ಷ ನಾನೂ ಪೂರಾ ಮ್ಯಾಚೇ ಆಡಿಸಿದ್ದೆ. ಒಬ್ಬ ಹುಡುಗಿ ಬಲಗಡೆ ಗೆರೆಯ ಪಕ್ಕ ನಿಂತಿದ್ದಳು. ನಲವತ್ತು ನಿಮಿಷದಲ್ಲಿ ಅವಳು ಚೆಂಡು ಮುಟ್ಟಿದ್ದು ಎರಡು ಸಲ, ಎರಡೂ ಸಲ ಥ್ರೋ ಎಸೆಯಲು ಕೈಯಲ್ಲಿ. ಉಳಿದವರ ಕಾಲೆಲ್ಲ ಕೆಂಪು ಮಣ್ಣಾಗಿತ್ತು, ಅವಳ ಸಾಕ್ಸ್ ಮಾತ್ರ ಮನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಇತ್ತು. ಮುಂದಿನ ತಿಂಗಳು ಅವಳು ಬರಲಿಲ್ಲ. ಆ ಸಾಕ್ಸ್ ಇನ್ನೂ ನನ್ನ ಕಣ್ಣ ಮುಂದಿದೆ.

ಲೆಕ್ಕ ಹಾಕಿ ನೋಡಿ. ಇಪ್ಪತ್ತೆರಡು ಮಕ್ಕಳಿಗೆ ಒಂದೇ ಚೆಂಡು. 20 ನಿಮಿಷದ ಆಟವನ್ನು ಸಮನಾಗಿ ಹಂಚಿದರೂ ತಲೆಗೆ ಒಂದು ನಿಮಿಷ ಪೂರ್ತಿ ಸಿಗುವುದಿಲ್ಲ. ಮೂವರೆದುರು ಮೂವರಾದರೆ ಮೂರು ನಿಮಿಷ ದಾಟುತ್ತದೆ. ಇನ್ನು ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಎಂಟು ವರ್ಷದ ಕೀಪರ್ ನೆಗೆದರೂ ಮೇಲಿನ ಅಡ್ಡಪಟ್ಟಿ ಎಟುಕದು. ಅವನ ತಲೆಯ ಮೇಲೆ ಎತ್ತಿ ಒದ್ದರೆ ಗೋಲು ಎಂದು ಮಕ್ಕಳು ಎರಡೇ ದಿನದಲ್ಲಿ ಕಂಡುಕೊಳ್ಳುತ್ತಾರೆ. ಅಲ್ಲಿಗೆ ಪಾಸು ಕಲಿಯುವುದು ನಿಂತಿತು.

ನಾನು ಹೆಚ್ಚು ಹೊತ್ತು ಮಾಡಿಸುವುದು ಇಬ್ಬರ ಎದುರು ಒಬ್ಬರ ಆಟ: ಚೆಂಡು ಇಬ್ಬರದು, ಅವರನ್ನು ತಡೆಯುವ ಡಿಫೆಂಡರ್ ಒಬ್ಬ. ಹದಿನೈದು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ, ಗೋಲಿಗೆ ಎರಡು ಚಪ್ಪಲಿ. ಚೆಂಡು ಇರುವವನು ಮೊದಲು ಮಾಡುವ ತಪ್ಪು ಎಂದರೆ, ಡಿಫೆಂಡರ್ ಇನ್ನೂ ದೂರ ಇರುವಾಗಲೇ ಪಾಸು ಕೊಟ್ಟುಬಿಡುವುದು. ಆಗ ಡಿಫೆಂಡರ್ ಆರಾಮಾಗಿ ಆ ಕಡೆ ತಿರುಗುತ್ತಾನೆ. “ಅವನ ಮೇಲೇ ಹೋಗು. ಅವನು ನಿನ್ನ ಕಡೆ ಕಾಲಿಟ್ಟ ಮೇಲೆ ಕೊಡು” ಎನ್ನುತ್ತೇನೆ. ಹೇಳಲು ಸುಲಭ, ಆ ಅರ್ಧ ಕ್ಷಣ ಕಾಯುವುದಕ್ಕೆ ಮಗುವಿಗೆ ಎಷ್ಟು ಧೈರ್ಯ ಬೇಕು ಎಂಬುದು ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ.

ಡಿಫೆನ್ಸ್ ಎಂದರೆ ಮಕ್ಕಳಿಗೆ ಕಾಲು ಚಾಚಿ ಚೆಂಡು ಕಸಿಯುವುದು. ಹಾಗೆ ನುಗ್ಗಿದವನನ್ನು ದಾಟಿ ಹೋಗುವುದು ಕಷ್ಟವೇ ಅಲ್ಲ. ಅದಕ್ಕೇ ನಾನು ಹೇಳುವುದು: ಬೇಗ ಓಡಿ ಹತ್ತಿರ ಬಾ, ಎರಡು ಹೆಜ್ಜೆ ಉಳಿದಾಗ ವೇಗ ತಗ್ಗಿಸು, ಮೊಣಕಾಲು ಬಗ್ಗಿಸಿ ಓರೆಯಾಗಿ ನಿಲ್ಲು, ಅವನ ಕಾಲನ್ನಲ್ಲ, ಚೆಂಡನ್ನು ನೋಡು. ಇದು ತಲೆಗೆ ಹೋಗಲು ಒಂದು ಬದಲಾವಣೆ ಮಾಡಿಕೊಂಡೆ: ಎರಡನೇ ಡಿಫೆಂಡರ್ ಎಂಟು ಹೆಜ್ಜೆ ಹಿಂದಿನಿಂದ ಓಡಿ ಬರುತ್ತಾನೆ. ಮೊದಲನೆಯವನು ಚೆಂಡು ಗೆಲ್ಲಬೇಕಿಲ್ಲ, ಗೆಳೆಯ ಬಂದು ಸೇರುವವರೆಗೆ ತಡೆದರೆ ಸಾಕು. ಮೊನ್ನೆ ಒಂಬತ್ತು ವರ್ಷದ ಒಬ್ಬಳು ಹಿಂದೆ ಹಿಂದೆ ಸರಿಯುತ್ತಾ ಇಬ್ಬರು ಹುಡುಗರನ್ನು ಗೆರೆಯ ಮೂಲೆಗೆ ಒತ್ತಿಬಿಟ್ಟಳು. ಚೆಂಡನ್ನು ಮುಟ್ಟಲೇ ಇಲ್ಲ. ಗಾಬರಿಯಲ್ಲಿ ಅವರೇ ಅದನ್ನು ಹೊರಗೆ ಒದ್ದರು. ಅವತ್ತು ನಾನು ಚಪ್ಪಾಳೆ ತಟ್ಟಿದ್ದು ಗೋಲಿಗಲ್ಲ, ಅದಕ್ಕೆ.

ಕೊನೆಗೆ ಮೂವರೆದುರು ಮೂವರು, ನಾಲ್ಕು ಗೋಲು: ಪ್ರತಿ ತಂಡಕ್ಕೂ ಎರಡು ಮೂಲೆಯಲ್ಲಿ ಎರಡು. ಒಂದು ಕಡೆ ಗುಂಪು ಸೇರಿದರೆ ಇನ್ನೊಂದು ಕಡೆ ಖಾಲಿ, ಹಾಗಾಗಿ ತಲೆ ಎತ್ತಿ ನೋಡಲೇಬೇಕು. ಕೀಪರ್ ಇಲ್ಲ, ಆಫ್‌ಸೈಡ್ ಇಲ್ಲ. ಚೆಂಡು ನಾಲ್ಕನೇ ಸೈಜಿನದು. ಹೆಡರ್ ನಾನು ಈ ವಯಸ್ಸಿಗೆ ಮಾಡಿಸುವುದೇ ಇಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ನಾಲ್ಕು ಬಾರಿ ವಿಶ್ವಕಪ್ ಗೆದ್ದ ಜರ್ಮನಿ 2024-25ರ ಋತುವಿನಿಂದ ದೇಶದುದ್ದಕ್ಕೂ ಚಿಕ್ಕ ಮಕ್ಕಳಿಗೆ ಪುಟ್ಟ ಗೋಲುಗಳ ಇಂಥ ಆಟವನ್ನೇ ಕಡ್ಡಾಯ ಮಾಡಿದೆ. ನಮ್ಮ ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ನಿನ ಮಕ್ಕಳ ಲೀಗಿನಲ್ಲೂ ತಂಡ ಚಿಕ್ಕದೇ, ಮೈದಾನವೂ ಚಿಕ್ಕದೇ.

ಹಾಗಾದರೆ ಪೂರಾ ಮ್ಯಾಚ್ ಯಾವಾಗ? ತಂಡಕ್ಕೆ ಮೂವರಿಂದ ಐವರು, ಐವರಿಂದ ಏಳು ಮಂದಿ, ಆಮೇಲೆ ಒಂಬತ್ತು. ವಯಸ್ಸು ಹದಿಮೂರಾಗುವ ಹೊತ್ತಿಗೆ ಹನ್ನೊಂದು. ಅಲ್ಲಿಯವರೆಗೆ ನಿಮ್ಮಿಂದ ಬೇಕಾದದ್ದು ಒಂದೇ. ಗೆರೆಯ ಹೊರಗೆ ನಿಂತು “ಒದಿ, ಒದಿ” ಎಂದು ಕೂಗಬೇಡಿ. ಆ ಅರ್ಧ ಕ್ಷಣ ಕಾಯುತ್ತಿರುವ ಮಗು ನಿಮ್ಮ ದನಿ ಕೇಳಿದ ಕೂಡಲೇ ಒದ್ದುಬಿಡುತ್ತದೆ.