ಬಿಯರ್ ಬಾಟ್ಲಿಯನ್ನು ಮಲಗಿಸಬೇಡಿ

ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಬಿಯರ್ ತರುವುದು ಸುಲಭ, ಕೆಡದಂತೆ ಇಡುವುದೇ ಕಷ್ಟ. ಕೊಳ್ಳುವಾಗ ಮೊದಲು ಲೇಬಲ್ ಮೇಲಿನ ತಯಾರಿಕೆಯ ತಿಂಗಳು ನೋಡಿ. ಆಫರ್ ಇದೆಯೆಂದು ಹಳೇ ಸರಕಿನ ಕ್ರೇಟ್ ಎತ್ತಿಕೊಂಡು ಬರಬೇಡಿ. 650 ಎಂಎಲ್‌ನ 12 ಬಾಟ್ಲಿ ಅಂದರೆ 7.8 ಲೀಟರ್, ಫ್ರಿಜ್‌ನಲ್ಲಿ ಜಾಗ ಇದೆಯೇ?

ಅಂಗಡಿಯ ಮುಂದಿನ ಸಾಲಿನಲ್ಲಿ ಬಿಸಿಲು ತಿಂದ ಹಸಿರು ಬಾಟ್ಲಿ ಬೇಡವೇ ಬೇಡ. ಬಿಯರ್‌ಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಸಂಯುಕ್ತವಾಗುತ್ತದೆ, ಮುಚ್ಚಳ ತೆಗೆದರೆ ಗಬ್ಬು ನಾತ. ನೇರ ಬಿಸಿಲಿನಲ್ಲಾದರೆ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಗಾಜು ವಾಸಿ, ಕ್ಯಾನ್ ಇನ್ನೂ ವಾಸಿ.

ಬಾಟ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಒಳಗಿನ ಗಾಳಿಗೆ ಹೆಚ್ಚು ಬಿಯರ್ ತಾಗುತ್ತದೆ, ಯೀಸ್ಟ್ ಗಸಿಯೂ ಪಕ್ಕಕ್ಕೆ ಅಂಟುತ್ತದೆ. ಅಟ್ಟದ ಮೇಲಂತೂ ಇಡಲೇಬೇಡಿ: ಶಾಖಕ್ಕೆ ಆಕ್ಸಿಡೇಶನ್ (ಆಮ್ಲಜನಕ ತಾಗಿ ಕೆಡುವುದು) ಜೋರಾಗಿ, ನೆನೆದ ರಟ್ಟಿನ ರುಚಿ ಬರುತ್ತದೆ. ಲಾಗರ್ (ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತಿಳಿ ಬಿಯರ್), ಗೋಧಿಯ ವೀಟ್ ಬಿಯರ್ ಕೂಡಿಡುವ ವಸ್ತುಗಳೇ ಅಲ್ಲ. ವರ್ಷಗಟ್ಟಲೆ ತಾಳುವುದು ಆಲ್ಕೋಹಾಲ್ ಹೆಚ್ಚಿರುವ ಸ್ಟೌಟ್‌ನಂಥ (ಕಡುಗಪ್ಪು ಬಿಯರ್) ಬಗೆಗಳು ಮಾತ್ರ.

ಫ್ರೀಜರ್‌ಗೆ ಹಾಕಿದರೆ ಅರ್ಧ ಗಂಟೆಗೆ ಅಲಾರಂ ಇಡಿ. ಮರೆತರೆ ಹೆಪ್ಪುಗಟ್ಟಿ ಹಿಗ್ಗಿ ಬಾಟ್ಲಿ ಸೀಳುತ್ತದೆ. ಲಾಗರ್‌ಗೆ 4ರಿಂದ 7 ಡಿಗ್ರಿ, ಸ್ಟೌಟ್‌ಗೆ 10ರಿಂದ 13 ಸರಿ.

ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿ ಕೂತರೆ ಎಣ್ಣೆಜಿಡ್ಡು ಇದೆ ಎಂದರ್ಥ. ಉಪ್ಪು ಹಾಕಿ ಉಜ್ಜಿ ತೊಳೆಯಿರಿ. ಗ್ಲಾಸ್ ಓರೆ ಹಿಡಿದು ಸುರಿಯಿರಿ, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ, ಎರಡು ಬೆರಳು ನೊರೆ ನಿಲ್ಲಲಿ.