ಜಹನಾರಾ ಕಟ್ಟಿಸಿದ ಪೇಟೆ

ಹಳೆ ದೆಹಲಿಯ ಚಾಂದನಿ ಚೌಕದಲ್ಲಿ ಓಡಾಡುವಾಗೆಲ್ಲ ನನಗೆ ಷಹಜಹಾನನಿಗಿಂತ ಜಾಸ್ತಿ ಅವನ ಮಗಳು ಜಹನಾರಾ ನೆನಪಾಗುತ್ತಾಳೆ. 1650ರ ಹೊತ್ತಿಗೆ ಈ ಪೇಟೆ ಕಟ್ಟಿಸಿದ್ದು ಅವಳು. ಆಗ ಬೀದಿಯ ನಡುವೆ ಕಾಲುವೆ ಹರಿಯುತ್ತಿತ್ತಂತೆ. ಚೌಕದಲ್ಲಿ ಕೊಳ, ಪಕ್ಕದಲ್ಲೇ ದೂರದ ವ್ಯಾಪಾರಿಗಳು ತಂಗಲು ದೊಡ್ಡ ಸರಾಯಿ, ಅಂದರೆ ಛತ್ರ. 1857ರ ದಂಗೆಯ ನಂತರ ಬ್ರಿಟಿಷರು ಆ ಸರಾಯಿಯನ್ನು ಕೆಡವಿದರು. ಅಲ್ಲೀಗ ಟೌನ್ ಹಾಲ್ ಇದೆ. ಕೊಳವೂ ಇಲ್ಲ, ಕಾಲುವೆಯೂ ಇಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಆದರೂ ನೋಡಿ, ಕೆಂಪುಕೋಟೆಯಲ್ಲಿ ದರ್ಬಾರು ನಿಂತು ಎಷ್ಟು ಕಾಲವಾಯಿತು! ನಾವು ಟಿಕೆಟ್ ಕೊಂಡು ಖಾಲಿ ಅರಮನೆ ನೋಡಿ ಬರುತ್ತೇವೆ. ಪೇಟೆ ಮಾತ್ರ ಇವತ್ತಿಗೂ ಬೆಳಗಾದರೆ ಬಾಗಿಲು ತೆಗೆಯುತ್ತೆ. ದರೀಬಾ ಕಲಾನ್‌ನಲ್ಲಿ ಬೆಳ್ಳಿ ಒಡವೆ, ಅತ್ತರು. ಕಿನಾರಿ ಬಜಾರಿನಲ್ಲಿ ಮದುವೆ ಬಟ್ಟೆಗೆ ಜರಿ ಅಂಚು. ಖಾರಿ ಬಾವಲಿಯಲ್ಲಂತೂ ಮೆಣಸಿನಕಾಯಿ ಘಾಟಿಗೆ ಸೀನು ನಿಲ್ಲಲ್ಲ. ಅಷ್ಟರಲ್ಲೇ ಮೂಟೆ ಹೊತ್ತವರು ಜಾಗ ಬಿಡಿ ಅಂತ ಕೂಗುತ್ತಾ ಬಂದೇಬಿಡುತ್ತಾರೆ. ಒಂದು ಊರನ್ನು ಉಳಿಸುವುದು ಇವರೇ, ರಾಜರಲ್ಲ ಅನ್ನಿಸುತ್ತೆ ನನಗೆ.

ದೆಹಲಿಗೆ ಬರುವವರು ಕೋಟೆ ನೋಡಿ ಸುಮ್ನೆ ಕಾರು ಹತ್ತಬೇಡಿ. ಕೋಟೆಯ ಲಾಹೋರಿ ಗೇಟಿನಿಂದ ಪೇಟೆಯ ಆಚೆ ತುದಿಯ ಫತೇಪುರಿ ಮಸೀದಿವರೆಗೆ ನಡೆಯಿರಿ, ನೇರ ದಾರಿ. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.