ಅಟ್ಟದ ಪೈ, ಕೆಳಗಿನ ಡೇಟಾಬೇಸು, ನಡುವೆ ಎಂಟು ದಿನ

ಎಂಟು ದಿನದ ಮೇಲೆ ನಿನ್ನೆ ರಾತ್ರಿ ಅಟ್ಟದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಕೆಳಗಿನ ಕೋಣೆಯ ಡೇಟಾಬೇಸಿಗೆ ಮಳೆಯ ಲೆಕ್ಕ ಒಪ್ಪಿಸಿತು. ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹುಯ್ಯುತ್ತಿರುವಾಗಲೇ ಇದು ಕೈಕೊಡಬೇಕೇ! ಪಕ್ಕದ ತೋಟದ ಮಾವ ದಿನಾ ಬೆಳಿಗ್ಗೆ ಬೇಲಿಯಾಚೆಯಿಂದ "ಎಷ್ಟು ಇಂಚು ಬಂತು?" ಎಂದು ಕೇಳುವುದು, ನಾನು ಕೇಳಿಸದವನಂತೆ ಒಳಗೆ ಹೋಗುವುದು ನಡೆದಿತ್ತು.

ತಪ್ಪು ನನ್ನದೇ. ಕೆಳಗಿನ ಹೊಸ ಕಂಪ್ಯೂಟರಿಗೆ ಪೋಸ್ಟ್‌ಗ್ರೆಸ್ 15 ಎಂಬ ಡೇಟಾಬೇಸ್ ತಂತ್ರಾಂಶ ಹಾಕಿದೆ. ಪೈಯಲ್ಲಿರುವುದು ಮಾತ್ರ ಡೆಬಿಯನ್ 9, ಹಳೆಯ ಕಾಲದ ಲಿನಕ್ಸ್. ನಡೆಯುತ್ತಿರುವುದನ್ನು ಮುಟ್ಟಬಾರದೆಂದು ಬಿಟ್ಟಿದ್ದೆ. ಪೈ ಒಂದೇ ರಾಗ ಹಿಡಿಯಿತು: ಸ್ಕ್ರ್ಯಾಮ್ ದೃಢೀಕರಣಕ್ಕೆ ಲಿಬ್‌ಪಿಕ್ಯು 10 ಅಥವಾ ಅದಕ್ಕಿಂತ ಹೊಸದು ಬೇಕು. ಸ್ಕ್ರ್ಯಾಮ್ ಅಂದರೆ ಪಾಸ್‌ವರ್ಡ್ ಪರೀಕ್ಷಿಸುವ ಹೊಸ ವಿಧಾನ, ಲಿಬ್‌ಪಿಕ್ಯು ಅಂದರೆ ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲೈಬ್ರರಿ.

ಡ್ರೈವರ್ ಹಳೆಯದಿರಬೇಕೆಂದು ಸೈಕೋಪಿಜಿ2 ಅನ್ನು, ಅಂದರೆ ಪೈಥಾನ್ ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಕೊಂಡಿಯನ್ನು, 2.8ಕ್ಕೆ ಏರಿಸಿದೆ. ಅದು ಕಂಪೈಲ್ ಆಗುವಷ್ಟರಲ್ಲಿ ಎರಡು ಸಲ ಕರೆಂಟು ಹೋಯಿತು. ಮುಗಿದ ಮೇಲೂ ಅದೇ ರಾಗ. ಡ್ರೈವರಿನ ಆವೃತ್ತಿ ಕೇಳಿದರೆ 2.8 ಎನ್ನುತ್ತದೆ, ಅದು ಬಳಸುವ ಲಿಬ್‌ಪಿಕ್ಯು ಯಾವುದೆಂದು ಕೇಳಿದಾಗ 90624 ಎಂದಿತು. ಅಂದರೆ 9.6.24. ಹೊಸ ಅಂಗಿಯೊಳಗೆ ಅದೇ ಮುದುಕ.

ಸರಿ, ಸರ್ವರನ್ನೇ ಬಗ್ಗಿಸೋಣವೆಂದು ಯಾರನ್ನು ಹೇಗೆ ಒಳಬಿಡಬೇಕೆಂದು ಬರೆದಿಡುವ ಎಚ್‌ಬಿಎ ಕಡತದ ಸಾಲನ್ನು ಹಳೆಯ ವಿಧಾನವಾದ ಎಂಡಿ5 ಮಾಡಿದೆ. ಜಗ್ಗಲಿಲ್ಲ. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಉಳಿಸಿಡುವ ರೂಢಿಯೇ ಸ್ಕ್ರ್ಯಾಮ್. ಆ ಸೆಟ್ಟಿಂಗನ್ನೂ ಎಂಡಿ5ಗೆ ತಿರುಗಿಸಿದೆ. ಊಹೂಂ. ಎಂಟನೆಯ ರಾತ್ರಿ ಪಾಸ್‌ವರ್ಡ್‌ಗಳ ಕೋಷ್ಟಕವನ್ನೇ ತೆರೆದು ನೋಡಿದರೆ ಪೈಯ ಸಾಲು 'ಸ್ಕ್ರ್ಯಾಮ್' ಎಂದೇ ಶುರುವಾಗುತ್ತಿದೆ! ಸೆಟ್ಟಿಂಗ್ ಬದಲಾದರೆ ಮುಂದೆ ಇಡುವ ಪಾಸ್‌ವರ್ಡಿಗೆ ಅನ್ವಯ, ಆಗಲೇ ಒಳಗೆ ಕುಳಿತದ್ದಕ್ಕಲ್ಲ. ಅದೇ ಪಾಸ್‌ವರ್ಡನ್ನು ಇನ್ನೊಮ್ಮೆ ಇಟ್ಟೆ, ಅಷ್ಟೇ. ಸೇರಿಕೊಂಡಿತು.

ಎಂಡಿ5 ಸಡಿಲ ಚಿಲಕವೆಂದು ಗೊತ್ತು. ಮನೆಯೊಳಗಿನ ಜಾಲ, ಅದೂ ಪೈಗೆ ಹೊಸ ಲಿನಕ್ಸ್ ಹಾಕಲು ಬೇಕಾದ ಎಸ್‌ಡಿ ಕಾರ್ಡ್ ಬರುವವರೆಗೆ. ಬೆಂಗಳೂರಿನ ಅಂಗಡಿಯವರು 32 ಜಿಬಿ ಎಂದು ಕಳಿಸಿದ ಕಾರ್ಡ್ ಏಳು ಜಿಬಿ ತುಂಬುತ್ತಲೇ ಬರೆದದ್ದನ್ನೆಲ್ಲ ಮರೆಯುತ್ತದೆ. ಫೋನ್ ಮಾಡಿದರೆ "ಫಾರ್ಮ್ಯಾಟ್ ಮಾಡಿ ನೋಡಿ ಸಾರ್" ಎನ್ನುತ್ತಾರೆ.

ಕಾರ್ಡ್ ಬಂದರೆ ಎಲೆ ತೇವದ ಸೆನ್ಸರ್ ಕೂಡಿಸಬೇಕು. ಅಡಿಕೆ ಗೊನೆ ಎಷ್ಟು ಹೊತ್ತು ಒದ್ದೆಯಾಗಿಯೇ ಇರುತ್ತದೆ ಎಂದು ತಿಳಿದರೆ ಕೊಳೆ ರೋಗದ ಅಂದಾಜು ಸಿಗುತ್ತದೆ. ಬೋರ್ಡೋ ದ್ರಾವಣ ಹೊಡೆಯುವ ದಿನಕ್ಕೆ ಮಾವನೊಂದಿಗೆ ವಾದವೂ ತಪ್ಪುತ್ತದೆ.

ಪೈ ತನ್ನ ಕಡತದಲ್ಲಿ ಕೂಡಿಟ್ಟಿದ್ದ ಎಂಟು ದಿನದ ಎಣಿಕೆಯನ್ನು ಇಂದು ತುಂಬಿಸಿದೆ. ಮಳೆ ಮಾಪಕದೊಳಗಿನ ಪುಟ್ಟ ಬಕೆಟ್ ತುಂಬಿ ಒಮ್ಮೆ ಮಗುಚಿದರೆ 0.2 ಮಿಲಿಮೀಟರ್ ಮಳೆ. ಆರು ದಿನ ಚೆನ್ನಾಗಿದೆ, ಕೊನೆಯ ಎರಡು ದಿನ ಸೊನ್ನೆ. ಹೊರಗೆ ಧೋ ಎನ್ನುತ್ತಿದೆ. ಟಾರ್ಚ್ ಹಿಡಿದು ಹತ್ತಿ ನೋಡಿದರೆ, ಮಾಪಕದ ಆಲಿಕೆಯಲ್ಲಿ ಕತ್ತಿನವರೆಗೆ ನೀರು ತುಂಬಿಕೊಂಡು ಒಂದು ಮರಗಪ್ಪೆ ಕುಳಿತಿದೆ.